ವಚನಗಾಯನದಲ್ಲಿ ಭಾವ ಯಾರದು?

ಶ್ರಾವಣಮಾಸ ಬಂದಿತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಪುರಾಣಪ್ರವಚನವೂ ಅದರೊಡನೆ ಸಂಗೀತಸೇವೆಯೂ ನಡೆಯುವುದು ರೂಢಿ. ಗವಾಯಿಗಳು ಹಾರ್ಮೋನಿಯಂ ಮುಂದೆ ಕುಳಿತು ವಚನವೊಂದನ್ನು ಭೈರವಿಯಲ್ಲಿ ಎತ್ತಿಕೊಂಡರೆ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರು ಕಾಣುತ್ತಾರೆ. ಈ ಕಣ್ಣೀರು ವಚನದಿಂದ ಬಂದುದೋ, ಭೈರವಿಯ ಕೋಮಲಸ್ವರಗಳಿಂದ ಬಂದುದೋ? ಹೀಗೆ ಕೇಳುವುದು ಕೆಲವರಿಗೆ ಅರಸಿಕತೆಯೆನಿಸೀತು, ಆದರೂ ಕೇಳಬೇಕಾಗಿದೆ.

ಶರಣರ ವಚನಗಳಲ್ಲಿ ಕರುಣೆಯೊಂದೇ ಇಲ್ಲ. ಬಸವಣ್ಣನವರಲ್ಲಿ ಆತ್ಮಶೋಧನೆಯಿದೆ, ಡಾಂಭಿಕರನ್ನು ಕುರಿತ ಚುಚ್ಚುನುಡಿಯಿದೆ. ಅಲ್ಲಮಪ್ರಭುಗಳ ಬೆಡಗಿನಲ್ಲಿ ಕೇಳುಗನನ್ನು ತಡೆದು ನಿಲ್ಲಿಸುವ ಬೆರಗಿದೆ. ಇವೆಲ್ಲವನ್ನೂ ಒಂದೇ ಬಿಕ್ಕುವ ದನಿಯಲ್ಲಿ ಹಾಡಿದರೆ ಗಾಯಕನ ಭಾವ ಕೇಳಿಸೀತು, ಶರಣರದು ಕೇಳಿಸದು. ವಚನಕ್ಕೆ ನಿಯತವಾದ ಛಂದಸ್ಸಿಲ್ಲ. ಅದರ ಲಯ ಮಾತಿನ ಲಯ. ತಾಳದ ಆವರ್ತಕ್ಕೆ ಹೊಂದಿಸುವ ಭರದಲ್ಲಿ ವಾಕ್ಯವನ್ನು ನಡುವೆ ಮುರಿದು ಅರ್ಧವನ್ನೇ ಹತ್ತು ಬಾರಿ ಹೊರಳಿಸಿದರೆ ಅರ್ಥವೂ ಮುರಿಯುತ್ತದೆ.

ಮಲ್ಲಿಕಾರ್ಜುನ ಮನಸೂರರು (1910–1992) ಹಾಡಿದ ಅಕ್ಕಮಹಾದೇವಿಯ ಕನಸಿನ ವಚನವನ್ನು ಇಲ್ಲಿ ನೆನೆಯಬೇಕು. ಗ್ವಾಲಿಯರ್ ಮತ್ತು ಜೈಪುರ ಘರಾಣೆಗಳ ಕಠಿಣ ತಾಲೀಮು ಪಡೆದ ಆ ಕಂಠ ಅಲ್ಲಿ ಅಳುವಿನ ಅಭಿನಯ ಮಾಡುವುದಿಲ್ಲ. ಆ ವಚನ ಗೆಳತಿಗೆ ಹೇಳುವ ಮಾತು; ಕಂಡುದನ್ನು ಹೇಳುವ ಸಂಭ್ರಮ, ಹೇಳಿ ತೀರದ ಅವಸರ. ಮನಸೂರರು ಹಾಡುವಾಗ ಎದುರಿಗೆ ಆ ಗೆಳತಿ ಕುಳಿತಂತೆಯೇ ತೋರುತ್ತದೆ. ಅವರು ನಮ್ಮನ್ನು ಅಳಿಸಹೊರಟವರಲ್ಲ. ಕಣ್ಣು ತೇವಗೊಂಡರೆ ಅದು ನಮ್ಮೊಳಗಿನಿಂದ ಬಂದುದು. ರಸದ ನೆಲೆ ಸಹೃದಯನ ಹೃದಯವೆಂದು ಅಭಿನವಗುಪ್ತನು ಹೇಳಿದ್ದು ಈ ಅನುಭವವನ್ನೇ ಇರಬೇಕು.

ವಾಡಿ, ಶಹಾಬಾದಗಳ ಸಭೆ ಬೇರೊಂದು ತೊಡಕನ್ನು ಮುಂದಿಡುತ್ತದೆ. ಕಲ್ಲುಗಣಿ, ಸಿಮೆಂಟ್ ಕಾರ್ಖಾನೆ, ರೈಲ್ವೆಗಳನ್ನು ನಂಬಿ ಬಂದ ತೆಲುಗು, ಮರಾಠಿ, ಉರ್ದು ಮಾತಿನವರೂ ಅಲ್ಲಿ ಕೇಳುಗರು. ಕನ್ನಡ ಬಾರದವರಿಗೆ ಸ್ವರವೊಂದೇ ದಾರಿ. ಅವರು ತಲೆದೂಗಿದರೆ ಅದನ್ನು ಹಗುರಾಗಿ ಕಾಣಲಾಗದು. ಆದರೆ ಅವರನ್ನು ಮುಟ್ಟಿದ್ದು ರಾಗ. ವಚನ ಇನ್ನೂ ಹೊಸ್ತಿಲಲ್ಲೇ ನಿಂತಿದೆ. ಹಾಡುವ ಮುನ್ನ ಅದರ ಭಾವಾರ್ಥವನ್ನು ಎರಡು ಮಾತಿನಲ್ಲಿ ಹೇಳುವುದಕ್ಕೆ ಗವಾಯಿಗಳು ಏಕೆ ಹಿಂಜರಿಯುತ್ತಾರೋ ತಿಳಿಯದು.

ನಮ್ಮ ಹಳ್ಳಿಗಳ ಭಜನಾಮೇಳಗಳಲ್ಲಿ ಈ ತೊಡಕು ಕಡಿಮೆ. ಕಡಕೋಳ ಮಡಿವಾಳಪ್ಪನವರ ತತ್ತ್ವಪದವನ್ನು ಏಕತಾರಿಗೆ ಹಾಡುವಾಗ ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಮತ್ತೆ ಹೇಳುತ್ತಾರೆ. ಮುಖದಲ್ಲಿ ವಿಶೇಷ ಭಾವವೇನೂ ಕಾಣದು, ಕಂಠಗಳೂ ಒರಟು. ಆದರೆ ಹಾಡುವವನೇ ಕೇಳುವವನೂ ಆದ್ದರಿಂದ ಮಾತು ಯಾರಿಗೂ ತಪ್ಪಿಹೋಗುವುದಿಲ್ಲ.

ಇನ್ನು ಅಂಕಿತದ ಮಾತು. ವಚನಕಾರನು ಯಾರಿಗೆ ನಿವೇದಿಸುತ್ತಿರುವನೋ ಆತನ ಹೆಸರದು. ಅದನ್ನೇ ತಿಹಾಯಿಗೆ ಸಿಕ್ಕಿಸಿ, ತಬಲಜಿಯೊಡನೆ ಪಂತ ಕಟ್ಟಿ, ಚಪ್ಪಾಳೆಗಾಗಿ ಸಮದ ಮೇಲೆ ಕೆಡಹುವವರಿದ್ದಾರೆ. ಚಪ್ಪಾಳೆ ಬರುತ್ತದೆ, ಕೂಡಲಸಂಗಮದೇವನು ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.