‘ಮ್ಯಾನಿಮ್’ ತಂತ್ರಾಂಶ ಮತ್ತು ಕನ್ನಡದ ಅಕ್ಷರ: ಬಳಸುವವರ ಆಕ್ಷೇಪಗಳನ್ನು ಕುರಿತ ಒಂದು ವಿಮರ್ಶೆ

ಒಂದು ಕೃತಿಯ ಗುಣದೋಷಗಳನ್ನು ವಿವೇಚಿಸುವಲ್ಲಿ ಕರ್ತೃವಿನ ಉದ್ದೇಶವನ್ನಷ್ಟೇ ಗಮನಿಸಿದರೆ ಸಾಲದು; ಅದನ್ನು ಬಳಸಿದವರ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕಾವ್ಯದ ವಿಷಯದಲ್ಲಿ ಈ ಮಾತು ಚರ್ಚಾಸ್ಪದವಾಗಬಹುದು. ತಂತ್ರಾಂಶದ ವಿಷಯದಲ್ಲಿ ನಿರ್ವಿವಾದವಾದುದು. ಗಣಿತದ ಪಾಠಗಳನ್ನು ಚಲಿಸುವ ಚಿತ್ರಗಳಾಗಿ ರೂಪಿಸಲು ಬಳಕೆಯಲ್ಲಿರುವ ‘ಮ್ಯಾನಿಮ್’ ಎಂಬ ಮುಕ್ತ ತಂತ್ರಾಂಶವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ ಬರೆಯುವವರ ಆಕ್ಷೇಪದಿಂದ ಈ ತಂತ್ರಾಂಶವು ಏನನ್ನು ಕಲಿಯಬಲ್ಲುದು ಎಂಬುದೇ ನಮ್ಮ ಪ್ರಶ್ನೆ.

ಮ್ಯಾನಿಮನ್ನು ಅಮೆರಿಕದ ಗ್ರಾಂಟ್ ಸ್ಯಾಂಡರ್ಸನ್ ಅವರು ತಮ್ಮ ಗಣಿತಪಾಠಗಳಿಗಾಗಿ 2015ರಲ್ಲಿ ಪೈಥಾನ್ ಭಾಷೆಯಲ್ಲಿ ರಚಿಸತೊಡಗಿದರು. ಒಬ್ಬರ ಕೆಲಸಕ್ಕೆಂದು ಹುಟ್ಟಿದ ಉಪಕರಣವು ಅವರ ಅಗತ್ಯವನ್ನು ಅನುಸರಿಸಿಯೇ ಬದಲಾಗುವುದು ಸಹಜ. ಅದನ್ನು ಅನೇಕರು ಬಳಸತೊಡಗಿದ ಮೇಲೆ, 2020ರಲ್ಲಿ, ಒಂದು ಬಳಗವು ಅದರಿಂದ ಪ್ರತ್ಯೇಕ ಶಾಖೆಯನ್ನು ತೆಗೆಯಿತು. ಹೆಚ್ಚಿನ ಸ್ಥಿರತೆ, ಹೆಚ್ಚಿನ ಪರೀಕ್ಷೆ, ಬಳಸುವವರ ಕೊಡುಗೆಗಳಿಗೆ ಬೇಗನೆ ಸ್ಪಂದಿಸುವುದು, ಇವು ಆ ಶಾಖೆಯ ಗುರಿಗಳು. ಇದನ್ನು ಒಡಕೆಂದು ಹಳಿಯುವುದು ಉಚಿತವಲ್ಲ. ಕರ್ತೃವಿಗೆ ತನ್ನ ಉಪಕರಣವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯವಿರಬೇಕು. ಹಲವರಿಗೆ ನೆಚ್ಚಬಹುದಾದ ಸಾಧನವೂ ಬೇಕು. ಎರಡೂ ಒಂದೇ ಪ್ರತಿಯಲ್ಲಿ ಕೂಡಿ ಬರುವುದು ಕಷ್ಟ.

ಅಕ್ಷರಗಳನ್ನು ಜೋಡಿಸುವ ಹೊಣೆಯನ್ನು ಈ ಶಾಖೆಯು ‘ಪ್ಯಾಂಗೊ’ ಎಂಬ ಮತ್ತೊಂದು ಮುಕ್ತ ತಂತ್ರಾಂಶಕ್ಕೆ ವಹಿಸಿತು. ಇದರಿಂದಾಗಿ, ತಕ್ಕ ಅಚ್ಚು ದೊರೆತಲ್ಲಿ, ಕನ್ನಡದ ಕಾಗುಣಿತವೂ ಒತ್ತುಗಳೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತುಕೊಳ್ಳುತ್ತವೆ. ಇದು ಸಣ್ಣ ಲಾಭವಲ್ಲ. ಆದರೆ ನಿಂತ ಅಕ್ಷರ ಸರಿಯಾಗಿ ಕಂಡ ಮಾತ್ರಕ್ಕೆ ಚಲಿಸುವ ಅಕ್ಷರವೂ ಸರಿಯಾಗಿರುತ್ತದೆಂದು ಹೇಳಲಾಗದು. ಮ್ಯಾನಿಮ್ ಬರೆಹವನ್ನು ಚಿತ್ರಖಂಡಗಳಾಗಿ ಒಡೆದು, ಒಂದೊಂದು ಖಂಡಕ್ಕೂ ಬಣ್ಣವನ್ನೂ ಚಲನೆಯನ್ನೂ ಕೊಡುತ್ತದೆ. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಖಂಡ. ಕನ್ನಡದಲ್ಲಿ ಹಾಗಿಲ್ಲ.

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ವಸಂತಪುರದ ಹೆಸರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ‘ವಸಂತಪುರ’ ಎಂಬಲ್ಲಿ ಯೂನಿಕೋಡಿನ ಸಂಕೇತಗಳು 7. ಅಕ್ಷರಗಳು ವ, ಸಂ, ತ, ಪು, ರ ಎಂದು 5. ಅಲ್ಲಿಯ ದೇಗುಲದ ದೇವರಾದ ‘ವಸಂತವಲ್ಲಭರಾಯ’ನ ಹೆಸರಿನಲ್ಲಿ ಸಂಕೇತಗಳು 12, ಅಕ್ಷರಗಳು 8. ಚಿತ್ರಖಂಡಗಳ ಸಂಖ್ಯೆಯಾದರೋ ಈ ಎರಡರಲ್ಲಿ ಯಾವುದಕ್ಕೂ ಹೊಂದಬೇಕೆಂಬ ನಿಯಮವಿಲ್ಲ. ‘ಪು’ ‘ರಾ’ ಮುಂತಾದುವನ್ನು ಒಂದು ಅಚ್ಚು ಒಂದೇ ಖಂಡವಾಗಿ ಇರಿಸಿದರೆ ಮತ್ತೊಂದು ಎರಡಾಗಿ ಇರಿಸಬಹುದು. ‘ಕರ್ನಾಟಕ’ ಎಂಬಲ್ಲಿ ಕ್ರಮವೂ ತಿರುಗುತ್ತದೆ: ಸಂಕೇತಗಳಲ್ಲಿ ಮೊದಲು ಬರುವ ರೇಫೆಯು ಬರೆಹದಲ್ಲಿ ‘ನಾ’ ಆದ ಮೇಲೆ ಅರ್ಕಾವತ್ತಾಗಿ ನಿಲ್ಲುತ್ತದೆ.

ಇದೆಲ್ಲ ಬರಿಯ ಲೆಕ್ಕಾಚಾರವಲ್ಲವೆ ಎಂದು ಕೇಳಬಹುದು. ಛಂದಸ್ಸಿನ ಪಾಠವನ್ನು ಹೇಳುವ ಅಧ್ಯಾಪಕರು ಲಘುವಿಗೆ ಒಂದು ಬಣ್ಣ, ಗುರುವಿಗೆ ಇನ್ನೊಂದು ಬಣ್ಣ ಕೊಟ್ಟು ಮೇಲಿನ ದೇವರ ಹೆಸರನ್ನು ತೋರಿಸಬೇಕೆಂದಿಟ್ಟುಕೊಳ್ಳೋಣ. ಸಂ, ರಾ ಎರಡೂ ಗುರು. ‘ಲ್ಲ’ ಎಂಬ ಒತ್ತಕ್ಷರದ ಹಿಂದೆ ಬಂದ ‘ವ’ ಗುರು. ಉಳಿದ ಐದು ಲಘು. ಒಟ್ಟು ಮಾತ್ರೆಗಳು 11. ಖಂಡಗಳನ್ನು ಎಣಿಸಿ ಬಣ್ಣ ಹಾಕಿದರೆ ‘ಲ’ಕಾರಕ್ಕೆ ಒಂದು ಬಣ್ಣ, ಅದರ ಒತ್ತಿಗೆ ಮತ್ತೊಂದು ಬಣ್ಣ ಬೀಳುವ ಸಂಭವವುಂಟು. ಆಗ ವಿದ್ಯಾರ್ಥಿಯು ಕಲಿಯುವುದು ಛಂದಸ್ಸನ್ನಲ್ಲ, ತಪ್ಪನ್ನು. ಕೇಶಿರಾಜನು ‘ಶಬ್ದಮಣಿದರ್ಪಣ’ದ ಮೊದಲ ಪ್ರಕರಣದಲ್ಲಿಯೇ ಅಕ್ಷರವಿಚಾರವನ್ನು ಎತ್ತಿಕೊಂಡುದು ಅಕಾರಣವಾಗಿ ಅಲ್ಲ, ಅಳತೆಯ ಮಾನ ತಪ್ಪಿದರೆ ಮೇಲಿನ ಕಟ್ಟಡವೆಲ್ಲ ತಪ್ಪುತ್ತದೆ.

ಇಂಥ ತೊಡಕಿಗೆ ಮ್ಯಾನಿಮ್ ಒಂದು ಉಪಾಯವನ್ನು ಒದಗಿಸಿದೆ. ಕೂಡಕ್ಷರಗಳನ್ನು ತಡೆಯುವ ಆಯ್ಕೆಯೊಂದನ್ನು ಬಳಸಿದರೆ ಸಂಕೇತಕ್ಕೂ ಖಂಡಕ್ಕೂ ಒಂದಕ್ಕೊಂದು ಸರಿಹೊಂದುವುದೆಂದು ಅದರ ಕೈಪಿಡಿ ಹೇಳುತ್ತದೆ. ಅರಬ್ಬಿಯಂತೆ ಕೂಡಕ್ಷರಗಳನ್ನೇ ಅವಲಂಬಿಸಿದ ಲಿಪಿಗಳಲ್ಲಿ ಅನಿರೀಕ್ಷಿತ ಫಲ ಬರಬಹುದೆಂದು ಎಚ್ಚರಿಸಲೂ ಮರೆತಿಲ್ಲ. ಎಚ್ಚರಿಕೆ ಪ್ರಾಮಾಣಿಕವಾದುದು. ಆದರೆ ಎಚ್ಚರಿಕೆಯು ಪರಿಹಾರವಲ್ಲ. ರೋಮನ್ ಲಿಪಿಯಲ್ಲಿ ಕೂಡಕ್ಷರ ಒಂದು ಅಲಂಕಾರ. ತೆಗೆದರೂ ಪದ ಉಳಿಯುತ್ತದೆ. ಕನ್ನಡದಲ್ಲಿ ಒತ್ತಕ್ಷರವು ಬರವಣಿಗೆಯ ನಿಯಮವೇ ಆಗಿದೆ. ಅದನ್ನು ಉಳಿಸಿದರೆ ಲೆಕ್ಕ ಕೆಡುತ್ತದೆ, ಒಡೆದರೆ ಅಕ್ಷರ ಕೆಡುತ್ತದೆ. ಬಳಸುವವರ ದೂರಿನಿಂದ ತಂತ್ರಾಂಶವು ಇಲ್ಲಿ ಕಲಿತುದು ಬಣ್ಣ ತಪ್ಪಿತೆಂಬಷ್ಟನ್ನೇ. ‘ಒಂದು ಸಂಕೇತ, ಒಂದು ಆಕೃತಿ’ ಎಂಬ ಮೂಲದ ಗ್ರಹಿಕೆಯನ್ನು ಅದು ಪ್ರಶ್ನಿಸಿಕೊಂಡಿಲ್ಲ.

ದೋಷವನ್ನೆಲ್ಲ ಮ್ಯಾನಿಮಿನ ಮೇಲೆ ಹೊರಿಸುವುದು ಅನ್ಯಾಯವಾದೀತು. 2023ರಲ್ಲಿ ಬಂದ ಯೂನಿಕೋಡ್ 15.1ನೆಯ ಆವೃತ್ತಿಯು, ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪೆಂದು ಎಣಿಸುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಆ ಆವೃತ್ತಿಯಲ್ಲಿ ಕನ್ನಡ ಸೇರಲಿಲ್ಲ. ಅದರಂತೆ ತೆಲುಗಿನ ‘ಲ್ಲ’ ಒಂದು, ಕನ್ನಡದ ‘ಲ್ಲ’ ಎರಡು! ಸೋದರ ಲಿಪಿಗಳೆರಡರ ನಡುವೆ ಹೀಗೆ ಭೇದ ಬಿದ್ದಿರುವಾಗ, ಸಿದ್ಧವಾಗಿರುವ ನಿಯಮವನ್ನು ನಂಬಿ ಕಾರ್ಯಕ್ರಮ ರಚಿಸುವವನು ಕನ್ನಡದಲ್ಲಿ ಎಡವುವುದು ಅನಿವಾರ್ಯ.

ಹೀಗಿರುವಲ್ಲಿ ಆಕ್ಷೇಪದ ಸ್ವರೂಪವೂ ವಿಮರ್ಶೆಗೆ ಒಳಪಡಬೇಕು. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂಬ ದೂರಿನಿಂದ ಯಾರೂ ಏನನ್ನೂ ಕಲಿಯಲಾರರು. ಮ್ಯಾನಿಮ್ ಬಳಗದ ದೋಷನಿವೇದನೆಯ ನಮೂನೆಯು ನಿರೀಕ್ಷೆಯೇನು, ಕಂಡುದೇನು, ಅದನ್ನು ಪುನಃ ಉಂಟುಮಾಡುವ ಬಗೆ ಹೇಗೆ, ಯಂತ್ರದ ವಿವರವೇನು ಎಂದು ಕೇಳುತ್ತದೆ. ಹಸ್ತಪ್ರತಿಗಳನ್ನು ಸಂಪಾದಿಸುವವನು ಪ್ರತಿ, ಪಾಠ, ಪಾಠಾಂತರಗಳನ್ನು ಗುರುತಿಸುವ ಶಿಸ್ತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕನ್ನಡದ ವಿದ್ವಾಂಸರಿಗೆ ಈ ಶಿಸ್ತು ಹೊಸದೇನೂ ಅಲ್ಲ. ಇದು ತಮ್ಮ ಕೆಲಸವೆಂಬ ಭಾವನೆಯಷ್ಟೇ ಹೊಸದು. ವಸಂತವಲ್ಲಭರಾಯ, ಕರ್ನಾಟಕ ಮೊದಲಾದ ಪದಗಳ ಒಂದು ಪರೀಕ್ಷಾಪಟ್ಟಿಯನ್ನು, ಪ್ರತಿಯೊಂದರ ಅಕ್ಷರವಿಭಾಗದೊಡನೆ, ವ್ಯಾಕರಣ ಬಲ್ಲವರು ಸಿದ್ಧಪಡಿಸಿ ಕೊಟ್ಟರೆ ಅದು ನೂರು ದೂರುಗಳಿಗಿಂತ ಮಿಗಿಲಾದ ಆಕ್ಷೇಪವಾಗುತ್ತದೆ. ತಂತ್ರಾಂಶವು ಕೇಳಲು ಸಿದ್ಧವಾಗಿರುವಾಗ ಹೇಳಬೇಕಾದವರು ಸುಮ್ಮನಿದ್ದರೆ, ಆ ಮೌನವನ್ನೇ ಅದು ಸಮ್ಮತಿಯೆಂದು ಎಣಿಸುತ್ತದೆ.