ಬದುಕಿರುವ ತಂದೆಯ ಮರಣಪತ್ರ: ‘ತಿಥಿ’ ಚಿತ್ರವನ್ನು ಕುರಿತು

ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಚಿತ್ರಕಥೆಯಲ್ಲಿ ಜೊತೆಯಾದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಕಥೆಯಿದು. ನಟಿಸಿದವರು ವೃತ್ತಿನಟರಲ್ಲ, ಹಳ್ಳಿಯ ಜನರೇ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣ ಅಜ್ಜನ ಜಮೀನನ್ನು ಮಾರಲು ಹೊರಡುತ್ತಾನೆ. ಅಡ್ಡವಿರುವುದು ಅವನ ತಂದೆ ಗಡ್ಡಪ್ಪ. ಆತನಿಗೆ ಭೂಮಿ ಬೇಡ, ಪಹಣಿ ಬೇಡ, ರುಜು ಹಾಕುವ ಗೊಡವೆಯೂ ಬೇಡ. ಕೊನೆಗೆ ಮಗನು ಲಂಚ ಕೊಟ್ಟು ತಂದೆಯ ಹೆಸರಿನಲ್ಲಿ ಮರಣಪತ್ರವನ್ನು ಮಾಡಿಸುತ್ತಾನೆ.

ಇಲ್ಲಿ ನಗು ಬರುತ್ತದೆ, ಬರಬೇಕಾದದ್ದೇ. ಆದರೆ ಪವಿತ್ರಗ್ರಂಥವನ್ನು ಬಲ್ಲವರಿಗೆ ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯ ನೆನಪಾಗದಿರದು. ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಬಿಟ್ಟುಕೊಡದ ನಾಬೋತನನ್ನು ಕೊಂದದ್ದು ಕಲ್ಲುಗಳಷ್ಟೇ ಅಲ್ಲ, ಅರಸನ ಮುದ್ರೆಯೊತ್ತಿದ ಪತ್ರಗಳು. ತಮ್ಮಣ್ಣನಿಗೆ ಕಲ್ಲೂ ಬೇಕಾಗಿಲ್ಲ. ಕಾಗದದಲ್ಲಿ ಸತ್ತವನು ಊರಾಚೆ ಕುರಿಗಾಹಿಗಳೊಡನೆ ಬ್ರಾಂಡಿ ಕುಡಿಯುತ್ತ ಕುಳಿತಿರುತ್ತಾನೆ.

ಗಡ್ಡಪ್ಪನನ್ನು ಅಸಿಸಿಯ ಫ್ರಾನ್ಸಿಸರ ಸಾಲಿನಲ್ಲಿ ನಿಲ್ಲಿಸುವ ಆಸೆ ನಮ್ಮಂಥವರಿಗೆ ಸಹಜ. ಅದನ್ನು ನಾನು ಒಪ್ಪಲಾರೆ. ಕುರಿಗಾಹಿಗಳ ಮುಂದೆ ಆತ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳುವಾಗ, ಆ ನಿರ್ಲಿಪ್ತತೆಯ ಬೇರು ತಂದೆಯೇ ಮಾಡಿದ ಗಾಯದಲ್ಲಿದೆಯೆಂದು ತಿಳಿಯುತ್ತದೆ. ಫ್ರಾನ್ಸಿಸರು ತಂದೆಯ ಬಟ್ಟೆಯನ್ನು ಹಿಂತಿರುಗಿಸಿದ್ದು ಇನ್ನೊಬ್ಬ ತಂದೆಯನ್ನು ಕಂಡು. ಗಡ್ಡಪ್ಪನಿಗೆ ಅಂಥ ದರ್ಶನವಿಲ್ಲ, ನಡಿಗೆಯಷ್ಟೇ ಉಂಟು. ಹಾಗೆಯೇ ತಮ್ಮಣ್ಣನನ್ನು ಬರಿಯ ಲೋಭಿಯೆಂದು ತಳ್ಳಿಹಾಕುವುದೂ ಅನ್ಯಾಯ. ತಿಥಿಯೂಟದ ಸಾಲ, ಜನರ ಕರೆ, ಕಚೇರಿಯ ಅಲೆದಾಟ ಎಲ್ಲವೂ ಅವನೊಬ್ಬನ ತಲೆಯ ಮೇಲಿದೆ. ಲೂಕರ ಶುಭಸಂದೇಶದ 15ನೆಯ ಅಧ್ಯಾಯದ ಕಿರಿಯ ಮಗನೂ ತಂದೆ ಬದುಕಿರುವಾಗಲೇ ಪಾಲು ಕೇಳಿದವನು. ಆದರೆ ಅಲ್ಲಿ ದಾರಿ ಕಾಯುವ ತಂದೆಯಿದ್ದಾನೆ. ಇಲ್ಲಿ ಮರಳಿ ಬರಬೇಕಾದವನು ಯಾರು, ಕಾಯಬೇಕಾದವನು ಯಾರು ಎಂಬುದೇ ತಿರುವುಮುರುವಾಗಿದೆ. ಚಿತ್ರದ ನಿಜವಾದ ಶಕ್ತಿಯನ್ನು ನಾನು ಕಾಣುವುದು ಇಲ್ಲಿ.

ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಕುಳಿತು ಈ ಚಿತ್ರವನ್ನು ನೋಡುವವನಿಗೆ ಅದು ದೂರದ ಹಳ್ಳಿಯ ಮೋಜೆನಿಸದು. ರಾಗಿ ಹೊಲಗಳು ನಿವೇಶನಗಳಾಗಿ, ನಗರಸಭೆಯಾಗಿದ್ದ ಊರು 2007ರಲ್ಲಿ ಮಹಾನಗರದೊಳಗೆ ಸೇರಿತು. ವಂಶವೃಕ್ಷ, ಪೌತಿ ಖಾತೆ, ವಿಭಾಗಪತ್ರ ಎಂಬ ಮಾತುಗಳು ಇಲ್ಲಿ ಸತ್ತವರ ಮನೆಯಲ್ಲಿ ಪ್ರಾರ್ಥನೆ ಮುಗಿಯುವ ಮೊದಲೇ ಕೇಳಿಬರುತ್ತವೆ.

ಒಂದು ಕೊರತೆಯನ್ನು ಹೇಳಲೇಬೇಕು. ಭೂಮಿಯ ಈ ಜಗಳದಲ್ಲಿ ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಬಹುಮಟ್ಟಿಗೆ ಕೇಳಿಸುವುದಿಲ್ಲ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಪುತ್ರಿಯರು ಮೋಶೆಯ ಎದುರು ನಿಂತು ಪಾಲು ಕೇಳಿದರು. ಅವರು ಹೇಳಿದ್ದು ನ್ಯಾಯವೆಂದು ದೇವರೇ ತೀರ್ಪಿತ್ತರು. ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಬಂದದ್ದು 2005ರಲ್ಲಿ. ಕ್ರೈಸ್ತರಿಗೆ ಅನ್ವಯಿಸುವ 1925ರ ಕಾಯಿದೆ, ಉಯಿಲು ಇಲ್ಲದಿದ್ದಾಗ, ಮಗಳಿಗೂ ಮಗನಿಗೂ ಸಮಪಾಲನ್ನೇ ಹೇಳುತ್ತದೆ. ಆದರೂ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು, ಮರುಭಾನುವಾರ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲುವ ಅಣ್ಣಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ಕುರಿತು ಇನ್ನೂ ಯಾರೂ ಚಿತ್ರ ಮಾಡಿದಂತಿಲ್ಲ. ನಾವು ಪ್ರಬೋಧನೆಯನ್ನೂ ಮಾಡಿಲ್ಲ.