ಎರವಲಿನ ಲೆಕ್ಕವೂ ಗ್ರಂಥದ ಉಪಯೋಗವೂ

ವಿಶ್ವವಿದ್ಯಾಲಯದ ಗ್ರಂಥಾಲಯವು ಯಾವ ಪುಸ್ತಕವನ್ನು ಕೊಳ್ಳಬೇಕು, ಯಾವುದನ್ನು ಕಪಾಟಿನಿಂದ ತೆಗೆಯಬೇಕು ಎಂಬ ನಿರ್ಣಯಕ್ಕೆ ಗಣಕಯಂತ್ರದ ನೆರವು ಪಡೆಯುವುದು ಅಮೆರಿಕೆಯಲ್ಲಿ ಈಗ ರೂಢವಾಗಿದೆ. ಈ ಕ್ರಮಕ್ಕೆ ಬಲ ತಂದ ಕೃತಿಗಳಲ್ಲಿ ಅಲೆನ್ ಕೆಂಟ್ ಮತ್ತು ಸಂಗಡಿಗರ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನ (1979) ಪ್ರಮುಖವಾದುದು. ಅದರ ಅಂಕಿಗಳನ್ನು ಇಂದಿಗೂ ಉದ್ಧರಿಸುತ್ತಾರೆ. ಮಿತಿಗಳನ್ನು ನೆನೆಯುವವರು ವಿರಳ.

ಅಲ್ಲಿಯ ಹಿಲ್‌ಮನ್ ಗ್ರಂಥಾಲಯಕ್ಕೆ 1969ರಲ್ಲಿ ಬಂದ 36,892 ಗ್ರಂಥಗಳಲ್ಲಿ 14,697, ಎಂದರೆ ಶೇಕಡಾ 39.8ರಷ್ಟು, 1975ರ ಕೊನೆಯವರೆಗೆ ಒಮ್ಮೆಯೂ ಎರವಲು ಹೋಗಿರಲಿಲ್ಲ. ಮೊದಲ ಎರಡು ವರ್ಷ ಯಾರೂ ಒಯ್ಯದ ಪುಸ್ತಕವು ಮುಂದೆ ಹೊರಹೋಗುವ ಸಂಭವ ನಾಲ್ಕರಲ್ಲಿ ಒಂದು, ಆರು ವರ್ಷ ಒಯ್ಯದಿದ್ದರೆ ಐವತ್ತರಲ್ಲಿ ಒಂದು ಎಂದು ಲೇಖಕರು ಗಣಿಸಿದ್ದಾರೆ. ಎರವಲಿನ ದಾಖಲೆಯು ಯಂತ್ರದಲ್ಲಿ ಇದ್ದುದರಿಂದಲೇ ಇಷ್ಟು ವಿಸ್ತಾರದ ಗಣನೆ ಸಾಧ್ಯವಾಯಿತು. ಆ ಶ್ರಮಕ್ಕೆ ಗೌರವ ಸಲ್ಲಬೇಕು.

ಆದರೆ ಎರವಲೇ ಉಪಯೋಗವೆಂಬ ಗ್ರಹಿಕೆ ಏಕಾಂತವಾದುದು. ಪಾಠಾಂತರವೊಂದನ್ನು ನೋಡಲು, ಅಕಾರಾದಿಯಲ್ಲಿ ಒಂದು ಹೆಸರನ್ನು ಹುಡುಕಲು ವಿದ್ವಾಂಸನು ಗ್ರಂಥವನ್ನು ಮನೆಗೆ ಒಯ್ಯುವುದಿಲ್ಲ. ನಿಂತಲ್ಲಿಯೇ ತೆರೆದು ನೋಡಿ ಹಿಂದಿರಿಸುತ್ತಾನೆ. ಯಂತ್ರಕ್ಕೆ ಅದು ಕಾಣುವುದಿಲ್ಲ. ಲೇಖಕರು ಇದನ್ನು ಅರಿಯದವರಲ್ಲ. ಗ್ರಂಥಾಲಯದ ಒಳಗೇ ಬಳಕೆಯಾದ ಪುಸ್ತಕಗಳ ಮಾದರಿಯನ್ನು ಪರೀಕ್ಷಿಸಿ, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಎರವಲೂ ಹೋಗಿದ್ದವೆಂದು ಸಮಾಧಾನ ಹೇಳುತ್ತಾರೆ. ಉಳಿದ ಕಾಲು ಪಾಲಿನ ಗತಿಯೇನು? ಪಿಟ್ಸ್‌ಬರ್ಗಿನ ಅಧ್ಯಾಪಕರ ಸಮಿತಿಯೂ ಈ ವಿಧಾನವನ್ನು ಆಗಲೇ ಆಕ್ಷೇಪಿಸಿತ್ತು. ಇದಕ್ಕಿಂತ ಹಿಂದೆ ಷಿಕಾಗೋದಲ್ಲಿ ಇಂತಹುದೇ ಗಣನೆ ಮಾಡಿದ ಫಸ್ಲರ್ ಮತ್ತು ಸೈಮನ್ ಅವರ ಉದ್ದೇಶ, ವಿರಳವಾಗಿ ಬೇಕಾಗುವ ಪುಸ್ತಕಗಳನ್ನು ಬೇರೊಂದು ಉಗ್ರಾಣದಲ್ಲಿ ಇರಿಸುವುದಾಗಿತ್ತು. ಕೊಳ್ಳದಿರುವುದಕ್ಕೂ ಹಾಗೆ ಸ್ಥಳಾಂತರಿಸುವುದಕ್ಕೂ ಬಹಳ ಅಂತರವಿದೆ. ಐವತ್ತರಲ್ಲಿ ಒಂದು ಎಂಬುದು ಸಮೂಹದ ಧರ್ಮ. ಆ ಒಂದು ಯಾವುದೆಂದು ಗಣನೆ ತಿಳಿಸಲಾರದು.

2015ರಲ್ಲಿ ಓಸಿಎಲ್‌ಸಿ ಸಂಸ್ಥೆಯ ವಶಕ್ಕೆ ಬಂದ ಗ್ರೀನ್‌ಗ್ಲಾಸ್ ಎಂಬ ಸಾಧನವು ಎರವಲಿನ ಜೊತೆಗೆ, ಅದೇ ಗ್ರಂಥವು ಬೇರೆ ಎಷ್ಟು ಗ್ರಂಥಾಲಯಗಳಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಇದು ನಿಸ್ಸಂದೇಹವಾಗಿ ಮೇಲಾದುದು. ಆದರೂ ಅದು ಹೋಲಿಸುವುದು ಸೂಚಿಯ ನಮೂದುಗಳನ್ನು. ಅಂಚಿನಲ್ಲಿ ಹಿಂದಿನ ಓದುಗನೊಬ್ಬ ಬರೆದ ತಿದ್ದುಪಡಿ, ಒಡೆತನದ ಒಕ್ಕಣೆ, ಬಿಟ್ಟುಹೋದ ಪುಟ ಇವು ನಮೂದಿಗೆ ಏರದಿದ್ದರೆ ಎರಡು ಪ್ರತಿಗಳು ಒಂದೇ ಆಗುತ್ತವೆ. ಹಸ್ತಪ್ರತಿಗಳೊಡನೆ ಬಾಳಿದವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಯಂತ್ರ ಕೊಟ್ಟ ಪಟ್ಟಿಯನ್ನು ಪೂರ್ವಪಕ್ಷವಾಗಿ ಇರಿಸಿಕೊಂಡು, ಆಯಾ ಶಾಸ್ತ್ರವನ್ನು ಬಲ್ಲವರೊಬ್ಬರು ಪ್ರತಿಯನ್ನೇ ತೆರೆದು ನೋಡಿ ಒಪ್ಪಿದ ಮೇಲೆ ಮಾತ್ರ ಅದನ್ನು ಹೊರಹಾಕಬೇಕೆಂಬ ನಿಯಮವನ್ನು ಪ್ರತಿಯೊಂದು ಗ್ರಂಥಾಲಯವೂ ಮಾಡಿಕೊಳ್ಳುವುದು ಯುಕ್ತ.